ಮುರಿದ ಸ್ಕೂಟರಿನ ಮುಂದೆ ಮೂರು ದಾರಿ

ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ ಕೊಳ್ಳೇಗಾಲದಿಂದ ಹನೂರಿನ ಕಡೆಗೆ ಬಂದವರಿಗೆಲ್ಲ ಗೊತ್ತು, ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಮಧುವನಹಳ್ಳಿ ದಾಟುತ್ತಿದ್ದಂತೆ ಶುರುವಾಗುತ್ತದೆ. ರಸ್ತೆಯ ಅರ್ಧಕ್ಕೆ ಹುರುಳಿ ಗಿಡ, ಇನ್ನೊಂದು ಕಡೆ ರಾಗಿ ತೆನೆ, ಅಂಚಿಗೆ ಕಲ್ಲು ಜೋಡಿಸಿಟ್ಟ ಗುರುತು. ಮೊದಲಾದರೆ ಊರ ಹೊರಗೆ ಸಗಣಿ ಸಾರಿಸಿದ ಕಣ, ರೋಣಗಲ್ಲು, ಎತ್ತು ಎಲ್ಲ ಇದ್ದವು. ಈಗ ಎತ್ತುಗಳಿಲ್ಲ, ಆಳು ಸಿಗುವುದಿಲ್ಲ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸು ಲಾರಿಗಳೇ ರೋಣಗಲ್ಲು. ಕೂಲಿ ಕೇಳುವುದಿಲ್ಲ, ಹುಲ್ಲು ಹಾಕುವಂತಿಲ್ಲ.

ದೊಡ್ಡ ಗಾಡಿಗೆ ಇದರಿಂದ ತೊಂದರೆಯಿಲ್ಲ. ಕಷ್ಟವೆಲ್ಲ ಎರಡು ಚಕ್ರದವರಿಗೆ. ಒಣಗಿದ ಹುರುಳಿ ಗಿಡದ ಮೇಲೆ ಚಕ್ರ ಹತ್ತಿದರೆ ಕೆಳಗೆ ಉದುರಿರುವ ಕಾಳು ಗೋಲಿಯ ಹಾಗೆ ಉರುಳುತ್ತದೆ. ಬ್ರೇಕು ಹಿಡಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ.

2024ರ ಜನವರಿಯಲ್ಲಿ ನನ್ನ ಮಗಳು ಹೀಗೇ ಬಿದ್ದಳು. ಆಗ ಅವಳಿಗೆ ಹತ್ತೊಂಬತ್ತು ವರ್ಷ, ಕೊಳ್ಳೇಗಾಲದಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಕಾಮಗೆರೆಯ ಈಚೆ, ಎದುರಿಗೆ ಬಸ್ಸು ಬಂತೆಂದು ಪಕ್ಕಕ್ಕೆ ಸರಿದಿದ್ದಾಳೆ. ಪಕ್ಕದಲ್ಲಿ ಹುರುಳಿ ಇತ್ತು. ವೇಗ ಇರಲಿಲ್ಲ, ತಲೆಗೆ ಹೆಲ್ಮೆಟ್ ಇತ್ತು. ಮೊಣಕೈ ತರಚಿ, ಮಣಿಕಟ್ಟು ಊದಿಕೊಂಡದ್ದು ಬಿಟ್ಟರೆ ದೇವರು ದೊಡ್ಡವನು. ಹುರುಳಿ ಹರಡಿದ್ದ ಅಜ್ಜನೇ ಓಡಿಬಂದು ನೀರು ಕುಡಿಸಿ, ಗಾಡಿಯನ್ನು ಎತ್ತಿ ನಿಲ್ಲಿಸಿ, ಪರಿಚಯದ ಟೆಂಪೋದವನನ್ನು ಕರೆದು ಇಬ್ಬರನ್ನೂ, ಅಂದರೆ ಮಗಳನ್ನೂ ಸ್ಕೂಟರನ್ನೂ, ನಮ್ಮ ಮನೆಗೆ ತಲುಪಿಸಿದ.

ಮಗಳ ಗಾಯ ಒಂದು ವಾರದಲ್ಲಿ ಮಾಯಿತು. ಸ್ಕೂಟರಿನದು ಹಾಗಲ್ಲ. ಮುಂದಿನ ಪ್ಲಾಸ್ಟಿಕ್ ಹೊದಿಕೆ ಎರಡು ಹೋಳು, ಹೆಡ್‌ಲೈಟ್ ಪುಡಿ, ಮಡ್‌ಗಾರ್ಡ್ ನುಗ್ಗಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಮುಂದಿನ ಫೋರ್ಕು ಒಂದು ಕಡೆಗೆ ಬಾಗಿತ್ತು. ಹ್ಯಾಂಡಲ್ಲು ಕೊಳ್ಳೇಗಾಲ ನೋಡಿದರೆ ಚಕ್ರ ರಾಮಾಪುರ ನೋಡುತ್ತಿತ್ತು.

ಗಾಡಿ ಬಿದ್ದ ಮನೆಗೆ ಸಲಹೆ ಕೊಡುವವರು ಮದುವೆ ಮನೆಗೆ ಬರುವವರಿಗಿಂತ ಹೆಚ್ಚು. ಮೊದಲ ಸಲಹೆ ನನ್ನ ತಾಯಿಯದು. "ಎಣ್ಮಗ ಕೈಕಾಲು ಮುರ್ಕಂಡ್ರೆ ಯಾರ್ ಕನಪ್ಪ ಕಟ್ಕಂಡೋಗರು? ಬಸ್ಸು ಪುಕ್ಸಟ್ಟೆ ಬುಟ್ಟವ್ರೆ, ಅದ್ರಲ್ ಓಗ್ಲಿ. ಆ ಗಾಡಿಯ ಮಾರ್ಬುಡು." ಅವ್ವ ಹೇಳಿದ್ದರಲ್ಲಿ ಸುಳ್ಳಿಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆದರೆ ನಮ್ಮ ಊರು ಹನೂರಿನಿಂದ ಇನ್ನೂ ನಾಲ್ಕು ಕಿಲೋಮೀಟರ್ ಒಳಗೆ. ಹನೂರಿನಿಂದ ಕೊಳ್ಳೇಗಾಲ ಸುಮಾರು 25 ಕಿಲೋಮೀಟರ್. ಅಷ್ಟಕ್ಕೆ ಬಸ್ಸುಂಟು, ಈ ನಾಲ್ಕಕ್ಕೆ ಸಂಜೆ ಹೊತ್ತಿನಲ್ಲಿ ಏನೂ ಇಲ್ಲ. ಪ್ರಯೋಗಾಲಯದ ಅವಧಿ ಮುಗಿಸಿ ಅವಳು ಹೊರಡುವಾಗಲೇ ಹೊತ್ತು ಇಳಿದಿರುತ್ತದೆ. ಅವಳು ಬಿ.ಕಾಂ. ಬಿಟ್ಟು ಬಿ.ಎಸ್ಸಿ. ಆರಿಸಿಕೊಳ್ಳುವ ಧೈರ್ಯ ಮಾಡಿದ್ದೇ ಮನೆಯಲ್ಲಿ ಈ ಸ್ಕೂಟರು ಇತ್ತೆಂಬ ಕಾರಣಕ್ಕೆ.

ಹಳ್ಳಿಯಲ್ಲಿ ಹೆಣ್ಣುಮಕ್ಕಳಿರುವ ತಂದೆತಾಯಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಡಿ ಕೊಟ್ಟಿಗೆಯಲ್ಲಿ ನಿಂತಷ್ಟು ದಿನವೂ 'ಸಾಕು ಬಿಡು' ಎನ್ನುವ ಮಾತಿಗೆ ಬಲ ಬರುತ್ತದೆ. ಮೊದಲ ದಿನ ಅದು ಗಾಡಿಯ ಪ್ರಶ್ನೆ. ಹದಿನೈದನೆಯ ದಿನದ ಹೊತ್ತಿಗೆ ಹುಡುಗಿಯ ಪ್ರಶ್ನೆಯಾಗುತ್ತದೆ. ಒಂದು ತಿಂಗಳಾದರೆ ಪ್ರಶ್ನೆಯೇ ಉಳಿಯುವುದಿಲ್ಲ, ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿರುತ್ತದೆ. ಹಾಗಾಗಿ ರಿಪೇರಿಯ ಮಾತು ಬಂದಾಗ ರೂಪಾಯಿಯ ಜೊತೆಗೆ ದಿನಗಳನ್ನೂ ಎಣಿಸಬೇಕಾಗಿತ್ತು.

ಎರಡನೆಯ ಸಲಹೆ ನೆರೆಯವರದು. "ಹುರುಳಿ ಹಾಕಿದ್ದವರಿಂದ ಎರಡು ಸಾವಿರವಾದರೂ ವಸೂಲಿ ಮಾಡಿ ಮೇಷ್ಟ್ರೇ, ರಸ್ತೆ ಅವರಪ್ಪನದಾ?" ರಸ್ತೆಯ ಮೇಲೆ ಒಕ್ಕಣೆ ಮಾಡುವುದು ತಪ್ಪೇ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಮಾರನೆಯ ಬೆಳಿಗ್ಗೆ ಆ ಅಜ್ಜನೇ ಒಂದು ಚೀಲದಲ್ಲಿ ನಾಲ್ಕು ಸೇರು ಹುರುಳಿ ಹಿಡಿದುಕೊಂಡು ನಮ್ಮ ಜಗಲಿಯ ಮೇಲೆ ಬಂದು ಕುಳಿತಿದ್ದ. ಬೇಡವೆಂದರೂ ಕೇಳಲಿಲ್ಲ. "ಮೊಗ ಎಂಗದೆ ಸಾ?" ಎಂದು ಮೂರು ಸಲ ಕೇಳಿದ. ಆ ಹೊಲದ ಇಡೀ ಬೆಳೆ ಮೂರು ಮೂಟೆ ಎಂದು ಮಾತಿನ ನಡುವೆ ತಿಳಿಯಿತು. ಮುಂದಿನ ವರ್ಷ ಹೊಲದ ಬದುವಿನಲ್ಲೇ ಟಾರ್ಪಾಲು ಹಾಸಿ ಬಡಿಯುತ್ತೇನೆಂದು ಮಗಳಿಗೆ ಮಾತು ಕೊಟ್ಟು ಹೋದ. ಆ ದಾರಿಯನ್ನು ಅಲ್ಲಿಗೆ ಮುಚ್ಚಿದೆವು.

ಉಳಿದದ್ದು ಎರಡು: ವಿಮೆ ಕೇಳುವುದೋ, ಕೈಯಿಂದ ರಿಪೇರಿ ಮಾಡಿಸುವುದೋ?

ಈ ಪ್ರಶ್ನೆಗೆ ನಮ್ಮ ಕಡೆ ಸಿದ್ಧ ಉತ್ತರವೊಂದಿದೆ. "ಕ್ಲೇಮ್ ಮಾಡಬೇಡಿ, ಬೋನಸ್ಸು ಹೋಗುತ್ತೆ" ಎನ್ನುವುದು. ಇದರ ಎದುರಿಗೆ ಇನ್ನೊಂದು: "ವರ್ಷಾ ವರ್ಷಾ ಕಟ್ಟೋದು ಯಾಕೆ, ಬಿಡಬೇಡಿ, ವಸೂಲಿ ಮಾಡಿ" ಎನ್ನುವುದು. ಎರಡನ್ನೂ ಹೇಳುವವರು ಲೆಕ್ಕ ಹಾಕಿರುವುದಿಲ್ಲ. ಮಕ್ಕಳಿಗೆ ಶೇಕಡಾ ಲೆಕ್ಕ ಕಲಿಸಿ ಹೊಟ್ಟೆ ಹೊರೆಯುವ ನನಗೆ ಇದು ಸರಿಕಾಣಲಿಲ್ಲ. ಭಾನುವಾರ ಅಪ್ಪ ಮಗಳಿಬ್ಬರೂ ಪಾಲಿಸಿ ಕಾಗದ ಹಿಡಿದುಕೊಂಡು ಯಳಂದೂರಿಗೆ ಹೊರಟೆವು. ಅಲ್ಲಿ ನನ್ನ ಹೆಂಡತಿಯ ಅಕ್ಕನ ಗಂಡ ಇದ್ದಾರೆ. ಬಹಳ ವರ್ಷ ವಿಮೆಯ ಏಜೆಂಟರಾಗಿದ್ದವರು. ಬಳೇಮಂಟಪದ ಬೀದಿಯ ಹತ್ತಿರ ಮನೆ.

ಕಾಫಿ ಬರುವುದರೊಳಗೆ ಅವರು ಕಾಗದವನ್ನು ಮಗಳ ಕೈಗೇ ಕೊಟ್ಟು, "ನೀನೇ ಓದವ್ವ, ನಾನು ಅರ್ಥ ಹೇಳ್ತೀನಿ" ಎಂದರು.

ಮೊದಲ ಪಾಠ: ವಾಹನ ವಿಮೆ ಒಂದಲ್ಲ, ಎರಡು. ನಮ್ಮ ಗಾಡಿಯಿಂದ ಬೇರೆಯವರಿಗೆ ಸಾವುನೋವು, ನಷ್ಟ ಆದರೆ ಕೊಡುವ ವಿಮೆ ಒಂದು. ಅದು 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಎಲ್ಲರಿಗೂ ಕಡ್ಡಾಯ. ಅದರ ಕಂತನ್ನು ಸರ್ಕಾರವೇ ಗೊತ್ತು ಮಾಡುತ್ತದೆ. 75ರಿಂದ 150 ಸಿಸಿಯ ಗಾಡಿಗೆ 2022ರಲ್ಲಿ ವರ್ಷಕ್ಕೆ 714 ರೂಪಾಯಿ ಎಂದು ನಿಗದಿಯಾಯಿತು. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವಾಗಲೇ ಐದು ವರ್ಷದ್ದನ್ನು ಒಟ್ಟಿಗೆ ಕಟ್ಟಬೇಕು. ನಮ್ಮ ಸ್ಕೂಟರು 2020ರ ಅಕ್ಟೋಬರಿನದು, ಹಾಗಾಗಿ ಅದು ಕಟ್ಟಿಯಾಗಿತ್ತು. ಇನ್ನೊಂದು, ನಮ್ಮ ಗಾಡಿಗೇ ಆಗುವ ಹಾನಿಗೆ ವಿಮೆ. ಇದು ಇಷ್ಟವಿದ್ದರೆ ಮಾತ್ರ. ಬಹಳ ಜನರ ಹತ್ತಿರ ಮೊದಲನೆಯದು ಮಾತ್ರ ಇರುತ್ತದೆ, ಎರಡೂ ಇದೆಯೆಂದು ತಿಳಿದಿರುತ್ತಾರೆ. ನಮ್ಮಲ್ಲಿ ಎರಡೂ ಇದ್ದವು.

ಎರಡನೆಯ ಪಾಠ ಬೋನಸ್ಸಿನದು. ಒಂದು ವರ್ಷ ಪರಿಹಾರ ಕೇಳದಿದ್ದರೆ ಮರುವರ್ಷದ ಕಂತಿನಲ್ಲಿ ಶೇಕಡಾ 20 ರಿಯಾಯಿತಿ. ಸತತವಾಗಿ ಎರಡು ವರ್ಷವಾದರೆ 25, ಮೂರಾದರೆ 35, ನಾಲ್ಕಾದರೆ 45, ಐದಾದರೆ 50. ಅಲ್ಲಿಂದ ಮೇಲಕ್ಕಿಲ್ಲ. ಒಂದು ಸಲ ಕೇಳಿದರೆ ಮತ್ತೆ ಸೊನ್ನೆಯಿಂದ ಹತ್ತಬೇಕು, ಹಾವು ಏಣಿ ಆಟದ ಹಾಗೆ. ಈ ಬೋನಸ್ಸು ಗಾಡಿಯದಲ್ಲ, ಮಾಲೀಕನದು. ಗಾಡಿ ಮಾರಿ ಬೇರೆ ಕೊಂಡರೆ ಜೊತೆಗೆ ಒಯ್ಯಬಹುದು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಮಾತ್ರ ಹೋಗಿಬಿಡುತ್ತದೆ.

"ಎಲ್ಲರೂ ಮರೆಯೋ ಮಾತು ಇದು, ಕೇಳು" ಎಂದು ದೊಡ್ಡಪ್ಪ ಬೆರಳೆತ್ತಿದರು. "ಈ ರಿಯಾಯಿತಿ ಇರೋದು ನಮ್ಮ ಗಾಡಿ ಹಾನಿಯ ಕಂತಿನ ಮೇಲೆ ಮಾತ್ರ. ಕಡ್ಡಾಯದ ಕಂತಿನ ಮೇಲೆ ಇಲ್ಲ."

ಮಗಳು ಲೆಕ್ಕಕ್ಕೆ ಕೂತಳು. ನಮ್ಮ ಸ್ಕೂಟರಿಗೆ ಆ ಕಂತು, ರಿಯಾಯಿತಿ ಕಳೆಯುವ ಮೊದಲು, ತೆರಿಗೆ ಬಿಟ್ಟು, ಸುಮಾರು 700 ರೂಪಾಯಿ. ಆಗ ನಮಗೆ ಶೇಕಡಾ 35 ಬೋನಸ್ಸು ಇತ್ತು. ಕೇಳದಿದ್ದರೆ ಮುಂದಿನ ಅಕ್ಟೋಬರಿನಲ್ಲಿ 45, ಆಮೇಲೆ 50. ಕೇಳಿದರೆ ಸೊನ್ನೆ, ಆಮೇಲೆ 20, 25, 35, 45, 50. ಕಂತು ಪ್ರತಿ ವರ್ಷವೂ 700 ಎಂದೇ ಇಟ್ಟುಕೊಂಡರೆ, ಮೊದಲ ವರ್ಷ ನಷ್ಟ 315 ರೂಪಾಯಿ. ಮುಂದಿನ ವರ್ಷಗಳಲ್ಲಿ 210, 175, 105, 35. ಐದು ವರ್ಷದ ಒಟ್ಟು ನಷ್ಟ 840 ರೂಪಾಯಿ.

"ಇಷ್ಟೇನಾ?" ಎಂದಳು ಮಗಳು. ಊರೆಲ್ಲ ಹೆದರಿಸಿದ ಬೋನಸ್ಸು ಐದು ವರ್ಷಕ್ಕೆ 840. ಕಾರಿನ ಮಾತು ಬೇರೆ. ಅಲ್ಲಿ ಈ ಕಂತೇ ಸಾವಿರಾರು ರೂಪಾಯಿ, ಸಣ್ಣ ನುಗ್ಗಿಗೆ ಪರಿಹಾರ ಕೇಳಿದರೆ ಮೂಗಿಗಿಂತ ಮೂಗುತಿ ಭಾರವಾಗಬಹುದು. ಸ್ಕೂಟರಿನವರು ಕಾರಿನವರ ಭಯವನ್ನು ಸಾಲ ತಂದಿದ್ದರು.

ಮೂರನೆಯ ಪಾಠ ಸವಕಳಿಯದು. ವಿಮೆ ಎಂದರೆ ಬಿಲ್ಲಿನ ಪೂರ್ತಿ ಹಣವಲ್ಲ. ಪ್ಲಾಸ್ಟಿಕ್, ರಬ್ಬರು, ಟೈರು, ಬ್ಯಾಟರಿಗಳಿಗೆ ಶೇಕಡಾ 50 ಕಳೆಯುತ್ತಾರೆ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ: ಆರು ತಿಂಗಳವರೆಗೆ ಏನೂ ಇಲ್ಲ, ಮೂರು ವರ್ಷ ದಾಟಿ ನಾಲ್ಕರೊಳಗಿದ್ದರೆ 25, ಹತ್ತು ದಾಟಿದರೆ 50. ಗಾಜಿಗೆ ಕಳೆಯುವುದಿಲ್ಲ. ಸವಕಳಿ ಕಳೆಯದ ಪಾಲಿಸಿಯೂ ಸಿಗುತ್ತದೆ, ಅದಕ್ಕೆ ಕಂತು ಹೆಚ್ಚು. ಈಗಿನ ಗಾಡಿಗಳ ಮೈಯೆಲ್ಲ ಪ್ಲಾಸ್ಟಿಕ್ಕೇ ಆದ್ದರಿಂದ ಬಿದ್ದಾಗ ಮೊದಲು ಒಡೆಯುವುದೂ ಅದೇ, ಅರ್ಧ ಹಣ ಬರದಿರುವುದೂ ಅದಕ್ಕೇ.

ಕೊಳ್ಳೇಗಾಲದ ಷೋರೂಮಿನವರು ಕೊಟ್ಟ ಅಂದಾಜು 4,800 ರೂಪಾಯಿ. ಪ್ಲಾಸ್ಟಿಕ್ 2,400, ಲೋಹ 1,600, ಕೂಲಿ 800. ಸವಕಳಿ ಕಳೆದರೆ 1,200 ಮತ್ತು 1,200. ಕೂಲಿ ಸೇರಿಸಿ 3,200. ನಮ್ಮ ಪಾಲಿಸಿಯಲ್ಲಿ ಪ್ರತಿ ಸಲವೂ ಮಾಲೀಕನೇ ಹೊರಬೇಕಾದ 100 ರೂಪಾಯಿ ಕಳೆದು, ಕಂಪನಿ ಕೊಡುವುದು 3,100. ನಮ್ಮ ಕೈಯಿಂದ 1,700. ಗಾಡಿಯನ್ನು ಟೆಂಪೋದಲ್ಲಿ ಸಾಗಿಸಲು 600. ಹೋದ ಬೋನಸ್ಸು 840. ಒಟ್ಟು ನಮಗೆ ಬೀಳುವುದು 3,140.

ಹನೂರಿನ ನಮ್ಮ ಮೆಕ್ಯಾನಿಕ್ಕು ಬೇರೆ ಲೆಕ್ಕ ಹೇಳಿದ. ಒಡೆದ ಹೊದಿಕೆಯನ್ನು ಕಾಯಿಸಿ ಬೆಸೆದು, ಮಡ್‌ಗಾರ್ಡು ತಟ್ಟಿ, ಹೆಡ್‌ಲೈಟು ಹೊಸದು ಹಾಕಿ, ಫೋರ್ಕನ್ನು ಒತ್ತಿ ನೆಟ್ಟಗೆ ಮಾಡಿದರೆ 2,600ಕ್ಕೆ ಮುಗಿಯುತ್ತದೆ, ಮೂರು ದಿನ ಸಾಕು. ಕೇಳಿದ ಕೂಡಲೇ ಇದೇ ಅಗ್ಗ ಎನ್ನಿಸುತ್ತದೆ. ಆದರೆ ಬಾಗಿದ ಕಬ್ಬಿಣವನ್ನು ಮತ್ತೆ ಬಗ್ಗಿಸಿದರೆ ಆಕಾರ ಬರುತ್ತದೆ, ಬಲ ಬರುವುದಿಲ್ಲ. ತಂತಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಬಗ್ಗಿಸಿ ತುಂಡು ಮಾಡುವುದು ಯಾವ ಹುಡುಗನಿಗೆ ಗೊತ್ತಿಲ್ಲ? ಹೊದಿಕೆಗೆ ಬೆಸುಗೆ ಇದ್ದರೆ ನೋಡಲು ಕೆಟ್ಟದಾಗಿರಬಹುದು, ಅಷ್ಟೆ. ಫೋರ್ಕಿನ ಮೇಲೆ ಮಗಳ ಪ್ರಾಣ ಇದೆ. "ಫೋರ್ಕು ಹೊಸದೇ ಹಾಕಪ್ಪ" ಎಂದೆ. ಹಾಗಾದರೆ 900 ಹೆಚ್ಚು, ಒಟ್ಟು 3,500 ಎಂದ.

ಈಗ ತಕ್ಕಡಿಯಲ್ಲಿ ಒಂದು ಕಡೆ 3,140, ಇನ್ನೊಂದು ಕಡೆ 3,500. ವಿಮೆಯ ದಾರಿ 360 ರೂಪಾಯಿ ಅಗ್ಗ. ಆದರೆ ಅಲ್ಲಿ ಅರ್ಜಿ ಹಾಕಿ, ಸರ್ವೇಯರು ನೋಡಿ, ಒಪ್ಪಿಗೆಯಾಗಿ, ಸಾಮಾನು ತರಿಸಿ ಗಾಡಿ ಕೈಗೆ ಬರುವಷ್ಟರಲ್ಲಿ ಎರಡು ವಾರವಾದರೂ ಆಗುತ್ತದೆ ಎಂದಿದ್ದರು. ಇಲ್ಲಿ ಮೂರು ದಿನ.

ಇದರ ನಡುವೆ ಇನ್ನೊಂದು ದಾರಿಯನ್ನೂ ಪರಿಚಿತರೊಬ್ಬರು ತೋರಿಸಿದರು. ಹೋದ ವರ್ಷ ಸ್ಟ್ಯಾಂಡಿನಿಂದ ಉರುಳಿ ಪಕ್ಕದ ಹೊದಿಕೆ ಸೀಳಿತ್ತು, ಸೀಟು ಹರಿದಿತ್ತು, ಹಿಂದಿನ ಟೈರು ಸವೆದಿತ್ತು. "ಎಲ್ಲಾನೂ ಇದರಲ್ಲೇ ಬಿದ್ದಾಗ ಆದದ್ದು ಅಂತ ಬರೆಸಿಬಿಡಿ. ಒಂಬತ್ತು ಸಾವಿರದ ಬಿಲ್ಲಾಗುತ್ತೆ. ಹೊಸ ಗಾಡಿ ಹಂಗೆ ಬರುತ್ತೆ. ಕಂಪನಿ ದುಡ್ಡು, ನಿಮಗೇನು?" ಲೆಕ್ಕದ ಪ್ರಕಾರ ಎಲ್ಲಕ್ಕಿಂತ ಲಾಭದ ದಾರಿ ಇದೇ. ಮಗಳು ಪಕ್ಕದಲ್ಲೇ ನಿಂತಿದ್ದಳು. ನಾನು ಉತ್ತರ ಹೇಳುವ ಮೊದಲೇ, "ಸೀಟು ಹರಿದಿದ್ದು ದೀಪಾವಳೀಲಿ ಅಲ್ವಾ ಅಪ್ಪ?" ಎಂದಳು. ಅವಳು ನೆನಪಿಗಾಗಿ ಕೇಳಿದಳೋ ಪರೀಕ್ಷೆಗಾಗಿ ಕೇಳಿದಳೋ, ಇವತ್ತಿಗೂ ಗೊತ್ತಿಲ್ಲ. ಹೌದೆಂದೆ. ಆ ಮಾತು ಅಲ್ಲಿಗೆ ನಿಂತಿತು. ವಿಮೆಯ ಕರಾರು ನಿಲ್ಲುವುದೇ ಎರಡೂ ಕಡೆಯ ಪೂರ್ಣ ನಂಬಿಕೆಯ ಮೇಲೆ. ಒಂದು ಸುಳ್ಳು ಸಿಕ್ಕಿಬಿದ್ದರೆ ನಿಜವಾದ ನಷ್ಟಕ್ಕೂ ಹಣ ಬರುವುದಿಲ್ಲ ಎಂದು ಯಳಂದೂರಿನ ದೊಡ್ಡಪ್ಪ ಆಮೇಲೆ ಹೇಳಿದರು. ಮನೆಯ ಕಾರಣವೂ ಒಂದಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ತರಗತಿಯಲ್ಲಿ ಹೇಳಿ, ಸೀಟಿನ ಕವರಿಗೆ ಮಾನ ಕೊಡುವುದು ಹೇಗೆ?

ಕೊನೆಗೆ ತೀರ್ಮಾನವನ್ನು ಮಗಳಿಗೇ ಬಿಟ್ಟೆ. ಓಡಿಸುವವಳು ಅವಳು, ಲೈಸೆನ್ಸು ಅವಳದು. ಕ್ಯಾಲೆಂಡರಿನ ಹಿಂದೆ ಬರೆದ ಲೆಕ್ಕವನ್ನು ಮತ್ತೊಮ್ಮೆ ನೋಡಿ ಅವಳು ಹೇಳಿದಳು: "360 ರೂಪಾಯಿಗೆ ಹನ್ನೊಂದು ದಿನ ಕೊಂಡುಕೊಳ್ಳೋಣ ಅಪ್ಪ. ಪ್ರಾಕ್ಟಿಕಲ್ಸ್ ಇದೆ." ನಾನು ಮೂವತ್ತು ವರ್ಷದಿಂದ ಲೆಕ್ಕ ಹೇಳಿಕೊಡುತ್ತಿದ್ದೇನೆ, ದಿನವನ್ನು ಹೀಗೆ ಕೊಳ್ಳಬಹುದೆಂದು ಯಾವ ಪಾಠದಲ್ಲೂ ಬರೆದಿರಲಿಲ್ಲ. ಗಾಡಿ ಹನೂರಿನಲ್ಲೇ ರಿಪೇರಿಯಾಯಿತು. ಹೊಸ ಫೋರ್ಕು, ಹಳೆಯ ಹೊದಿಕೆ. ಬೆಸುಗೆಯ ಗೆರೆ ಈಗಲೂ ಎದ್ದು ಕಾಣುತ್ತದೆ.

ನಮಗೆ ಸರಿಬಂದ ಉತ್ತರ ಎಲ್ಲರಿಗೂ ಸರಿಬರಬೇಕೆಂದಿಲ್ಲ. ನಮ್ಮ ಊರು ಕೊಳ್ಳೇಗಾಲದಲ್ಲೇ ಇದ್ದಿದ್ದರೆ ಟೆಂಪೋದ 600 ಇರುತ್ತಿರಲಿಲ್ಲ. ಆಗ ವಿಮೆಯನ್ನೇ ಕೇಳುತ್ತಿದ್ದೆವೋ ಏನೋ. ಬಿಲ್ಲು ಹತ್ತು ಸಾವಿರ ದಾಟಿದ್ದರೆ ಯೋಚಿಸುವ ಅಗತ್ಯವೇ ಇರಲಿಲ್ಲ, ವಿಮೆ ಇರುವುದೇ ಅದಕ್ಕೆ. ರಿಪೇರಿಯ ಖರ್ಚು ಪಾಲಿಸಿಯಲ್ಲಿ ನಮೂದಿಸಿದ ಗಾಡಿಯ ಬೆಲೆಯ ಮುಕ್ಕಾಲು ಪಾಲನ್ನು ಮೀರಿದರೆ ಗಾಡಿ ಪೂರ್ತಿ ಹೋಯಿತೆಂದೇ ಲೆಕ್ಕ. ನಮ್ಮದರ ಬೆಲೆ 42,000 ಎಂದಿತ್ತು. ಅಂದರೆ 31,500ರ ಮೇಲಿನ ಮಾತು. ಹಾಗಾಗಿ ಬಿಲ್ಲು ಎಷ್ಟು ಎಂದು ಕೇಳುವುದಕ್ಕಿಂತ, ಒಂದೊಂದು ದಾರಿಯಲ್ಲೂ ಕೊನೆಗೆ ನಮ್ಮ ಜೇಬಿನಿಂದ ಹೋಗುವುದು ಎಷ್ಟು, ಎಷ್ಟು ದಿನ ಎಂದು ಕೇಳಿಕೊಳ್ಳಬೇಕು. ತೀರ್ಮಾನವಾಗುವ ತನಕ ಗಾಡಿಯನ್ನು ಬಿಚ್ಚಿಸಬಾರದು. ಫೋಟೋ ತೆಗೆದಿಟ್ಟುಕೊಂಡು, ಕಂಪನಿಗೆ ತಡಮಾಡದೆ ತಿಳಿಸಬೇಕು. ಬೇರೆಯವರಿಗೆ ಪೆಟ್ಟಾಗಿದ್ದರಂತೂ ಇದು ಆಯ್ಕೆಯ ಮಾತೇ ಅಲ್ಲ. ಮೊದಲು ಆಸ್ಪತ್ರೆ, ಆಮೇಲೆ ಪೊಲೀಸು, ಆಮೇಲೆ ಕಂಪನಿ.

ಇನ್ನೊಂದು ಮಾತು ತಂದೆತಾಯಿಗಳಿಗೆ. ಪಾಲಿಸಿ ನನ್ನ ಹೆಸರಿನಲ್ಲಿದ್ದರೂ ಮಗಳು ಓಡಿಸಿದ್ದಕ್ಕೆ ಅಡ್ಡಿಯಿರಲಿಲ್ಲ, ಏಕೆಂದರೆ ಅವಳಿಗೆ ಲೈಸೆನ್ಸು ಇತ್ತು. ಅದಿಲ್ಲದಿದ್ದರೆ ಈ ಲೆಕ್ಕವನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ವಿಮೆಯ ದಾರಿ ಮೊದಲೇ ಮುಚ್ಚಿರುತ್ತಿತ್ತು. ಹದಿನೆಂಟು ತುಂಬದವರು ಇಂಥ ಸ್ಕೂಟರು ಓಡಿಸುವಂತಿಲ್ಲ. ಹದಿನಾರು ದಾಟಿದವರಿಗೆ ಸಿಗುವ ಲೈಸೆನ್ಸು 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ ಮಾತ್ರ. 2019ರ ತಿದ್ದುಪಡಿಯ ಪ್ರಕಾರ ಎಳೆಯರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೋ ಮಾಲೀಕರಿಗೋ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ; ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು; ಆ ಹುಡುಗನಿಗೋ ಹುಡುಗಿಗೋ ಇಪ್ಪತ್ತೈದು ತುಂಬುವ ತನಕ ಲೈಸೆನ್ಸಿಲ್ಲ. ಪಿಯುಸಿ ಹುಡುಗನಿಗೆ 'ಟ್ಯೂಷನ್ನಿಗೆ ಹೋಗಿ ಬರಲಿ' ಎಂದು ಬೀಗದ ಕೈ ಕೊಡುವ ಮುನ್ನ ಇದನ್ನು ಒಂದು ಸಲ ನೆನೆಯಬೇಕು.

ವಿದ್ಯಾರ್ಥಿಗಳಿಗೂ ಒಂದು ಕಿವಿಮಾತು. ಮನೆಯ ಟ್ರಂಕಿನಲ್ಲಿ ಜಾತಕದ ಜೊತೆ ಮಲಗಿರುವ ಪಾಲಿಸಿ ಕಾಗದವನ್ನು ಒಮ್ಮೆ ಹೊರತೆಗೆದು ಓದಿ. ನಾಲ್ಕು ಪುಟ, ಸಣ್ಣ ಅಕ್ಷರ. ಶೇಕಡಾ, ಸವಕಳಿ, ಅವಧಿ ಎಲ್ಲ ಅದರಲ್ಲೇ ಇವೆ. ಅರ್ಥವಾಗದ್ದನ್ನು ಅಪ್ಪನನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಗೊತ್ತಿರುವವರನ್ನು ಕೇಳಿ.

2024ರ ಅಕ್ಟೋಬರಿನಲ್ಲಿ ಪಾಲಿಸಿ ನವೀಕರಿಸಿದಾಗ ಬೋನಸ್ಸು ಶೇಕಡಾ 45 ಎಂದು ಬಂತು. ಆ ಸಾಲನ್ನು ಮಗಳೇ ಅಜ್ಜಿಗೆ ಓದಿ ಹೇಳಿದಳು. ಅವ್ವನಿಗೆ ಶೇಕಡಾ ತಿಳಿಯುವುದಿಲ್ಲ. ಆದರೆ 'ಗಾಡಿ ಮಾರ್ಬುಡು' ಎನ್ನುವುದನ್ನು ಅವಳು ಯಾವಾಗಲೋ ಬಿಟ್ಟಿದ್ದಳು. ಈಗ ಸುಗ್ಗಿ ಬಂದಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳುತ್ತಾಳೆ: "ಉಳ್ಳಿ ಕಾಲ ಕನವ್ವ, ಮೆಲ್ಲುಗ್ ಓಗು."